ನಾಲ್ಕು ಗಂಟೆಯ ಪತ್ತೇದಾರನನ್ನು ವಾಪಸು ಕೊಡಿ

ಮಾನ್ಯ ವೇಳಾಪಟ್ಟಿ ಮುಖ್ಯಸ್ಥರೇ,

ಐವತ್ತೆರಡು ಕಂತುಗಳ ಹಳೆಯ ಪತ್ತೇದಾರಿ ಧಾರಾವಾಹಿಯನ್ನು ಪೂರ್ತಿ ಮರುಪ್ರಸಾರ ಮಾಡುತ್ತೇವೆಂದು ತಿಂಗಳುಗಟ್ಟಲೆ ಡಂಗುರ ಹೊಡೆದು, ಮೂವತ್ತೊಂದನೆಯ ಕಂತಿಗೆ ಕೈ ಎತ್ತಿಬಿಟ್ಟಿರಲ್ಲ, ಇದಕ್ಕೆ ನಿಮ್ಮ ಕಚೇರಿಯಲ್ಲಿ ಏನೆಂದು ಹೆಸರಿಟ್ಟಿದ್ದೀರಿ? ನಾನು ದರ್ಜಿ ಹೆಂಗಸು. ನನ್ನ ಕಸುಬಿನಲ್ಲಿ ಒಂದು ತೋಳು ಹೊಲಿದು ಇನ್ನೊಂದು ತೋಳು ಬಿಟ್ಟು ಗಿರಾಕಿಯನ್ನು ಬೀದಿಗೆ ಕಳಿಸಿದರೆ ಅದನ್ನು ಮೋಸ ಅನ್ನುತ್ತಾರೆ. ಕತ್ತರಿ ಹಾಕುವ ಹಕ್ಕು ನಿಮಗಿಲ್ಲ ಎನ್ನುತ್ತಿಲ್ಲ, ನಾನೂ ದಿನವಿಡೀ ಕತ್ತರಿಸುವವಳೇ. ಆದರೆ ಕತ್ತರಿ ಹಾಕುವ ಮೊದಲು ಗಿರಾಕಿಯನ್ನು ನಿಲ್ಲಿಸಿಕೊಂಡು "ಇಷ್ಟು ಸಾಕಾ, ಇನ್ನೂ ಗಿಡ್ಡ ಮಾಡಲಾ?" ಎಂದು ಒಂದು ಮಾತು ಕೇಳುತ್ತೇನೆ. ನೀವು ಯಾರನ್ನು ಕೇಳಿದಿರಿ? ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಟೀವಿ ಹಾಕಿದರೆ ನಮ್ಮ ಪತ್ತೇದಾರನ ಜಾಗದಲ್ಲಿ ಒಬ್ಬ ಉತ್ಸಾಹಿ ತರುಣ ತರಕಾರಿ ಹೆಚ್ಚುವ ಯಂತ್ರ ಹಿಡಿದು ನಿಂತಿದ್ದ. ಅವನು ಅರ್ಧ ಗಂಟೆ ಕ್ಯಾರೆಟ್ ಹೆಚ್ಚಿದ. ಅಲ್ಲಿ ಯಾರ ಕೊಲೆಯೂ ಆಗಲಿಲ್ಲ, ನಮ್ಮ ಕಾಲವೊಂದನ್ನು ಬಿಟ್ಟು.

ಗೊತ್ತಿರುವ ಕತೆಯನ್ನು ಮತ್ತೆ ಮತ್ತೆ ನೋಡುವುದೇಕೆ ಎಂದು ನೀವು ಕೇಳಬಹುದು. ನನ್ನ ಪಕ್ಕದ ಇಸ್ತ್ರಿ ಅಂಗಡಿಯವರೂ ಮೊದಮೊದಲು ಹಾಗೇ ಕೇಳುತ್ತಿದ್ದರು. ಎಂಟನೆಯ ಕಂತಿನ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ನನ್ನ ಬಾಗಿಲಿಗೆ ಬಂದು ನಿಲ್ಲತೊಡಗಿದರು. ಅವರೂ ಇದನ್ನು ಚಿಕ್ಕಂದಿನಲ್ಲಿ ನೋಡಿದವರೇ. ಆದರೂ ಪ್ರತಿ ಸಲ "ಆ ಡಾಕ್ಟರೇ ಕಣಮ್ಮಾ, ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದು ಕೂಗುತ್ತಿದ್ದರು. ಪ್ರತಿ ಕಂತಿನಲ್ಲೂ ಹೆಣ ಪರೀಕ್ಷಿಸಲು ಬರುವ ಆ ಡಾಕ್ಟರು ಒಂದರಲ್ಲೂ ಕೊಲೆ ಮಾಡಿದವನಲ್ಲ. ಹೊಸ ಧಾರಾವಾಹಿಗಳಲ್ಲಿ ಯಾರು ಯಾವಾಗ ಸಾಯುತ್ತಾರೋ, ಸತ್ತವರು ಯಾವಾಗ ಎದ್ದು ಬರುತ್ತಾರೋ ಒಂದೂ ತಿಳಿಯುವುದಿಲ್ಲ. ಇಲ್ಲಿ ಸಾಯುವವರು ಹೇಳಿದ ಹೊತ್ತಿಗೆ ಸಾಯುತ್ತಾರೆ, ಸಿಕ್ಕಿಬೀಳುವವರು ನಾಲ್ಕೂ ಇಪ್ಪತ್ತೈದಕ್ಕೆ ಸಿಕ್ಕಿಬೀಳುತ್ತಾರೆ. ನಮ್ಮ ಪತ್ತೇದಾರ ಸತ್ತವರ ಕುರ್ಚಿಯಲ್ಲಿ ಹೋಗಿ ಕೂತು, "ಇಲ್ಲಿಂದ ನೋಡಿದರೆ ಏನು ಕಾಣುತ್ತೆ?" ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಾನೆ. ನಮ್ಮಂಥವರ ಕುರ್ಚಿಯಲ್ಲಿ ಬಂದು ಕೂತು ನೋಡಿದ ಅಧಿಕಾರಿ ನಿಮ್ಮಲ್ಲಿ ಒಬ್ಬರಾದರೂ ಇದ್ದಾರೆಯೇ?

ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಹದಿನಾಲ್ಕು ನಿಮಿಷ ಸಂಗೀತ ಕೇಳಿಸಿದಿರಿ. ಆಮೇಲೆ ಒಬ್ಬಳು ಹುಡುಗಿ, ಪಾಪ, ತುಂಬ ನಯವಾಗಿ ಹೇಳಿದಳು: "ಮೇಡಂ, ಬೇಜಾರು ಮಾಡ್ಕೋಬೇಡಿ. ಎಲ್ಲಾ ಕಂತೂ ನಮ್ಮ ಆ್ಯಪ್‌ನಲ್ಲಿದೆ. ನೀವು ಯಾವಾಗ ಬೇಕಾದ್ರೂ ನೋಡ್ಬಹುದು."

ಯಾವಾಗ ಬೇಕಾದರೂ! ಈ ಎರಡು ಪದ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವನ್ನು ಒಬ್ಬಳೇ ಮಾಡಬೇಕು. ನಾನು ಯಾವಾಗ ಬೇಕಾದರೂ ಉಣ್ಣಬಹುದು, ಯಾವಾಗ ಬೇಕಾದರೂ ಮಲಗಬಹುದು, ಯಾರೂ ಕಾಯುವುದಿಲ್ಲ. ಆ ಸೌಕರ್ಯ ನನಗೆ ಬೇಕಾದಷ್ಟಿದೆ, ನಿಮ್ಮಿಂದ ಬೇರೆ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ನಾಲ್ಕು ಗಂಟೆ. ನಾನು ನೋಡುವ ಹೊತ್ತಿಗೇ ಇನ್ನೊಬ್ಬರೂ ನೋಡುತ್ತಿದ್ದಾರೆ ಅನ್ನುವ ಒಂದು ಖಾತ್ರಿ. ದಿನಕ್ಕೆ ಇಪ್ಪತ್ತು ಜನ ಅಂಗಡಿಗೆ ಬರುತ್ತಾರೆ, ನಿಜ. ಬಂದವರೆಲ್ಲ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಮಾತಾಡುತ್ತಾರೆ. ನಾನು ಅವರ ಕಾಲ ಬುಡದಲ್ಲಿ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಕೂತಿರುತ್ತೇನೆ. ಅವರಿಗೆ ನನ್ನ ನೆತ್ತಿ ಗೊತ್ತು, ನನಗೆ ಅವರ ಪಾದ ಗೊತ್ತು, ಅಷ್ಟೇ.

ಇನ್ನೊಬ್ಬರು ಅಂದೆನಲ್ಲ, ಅದು ನನ್ನ ತಮ್ಮ. ಒಡಹುಟ್ಟಿದವನು, ಮೂರು ವರ್ಷಕ್ಕೆ ಚಿಕ್ಕವನು, ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಈ ಧಾರಾವಾಹಿ ಮೊದಲ ಸಲ ಬಂದಾಗ ನನಗೆ ಹದಿನಾಲ್ಕು, ಅವನಿಗೆ ಹನ್ನೊಂದು. ಅಪರಾಧಿ ಯಾರೆಂದು ಹೇಳುವ ಮುಂಚೆ ಒಂದು ಜಾಹೀರಾತು ಬರುತ್ತಿತ್ತಲ್ಲ, ಆಗ ನಾವಿಬ್ಬರೂ ಬೆರಳು ತೋರಿಸಬೇಕು. ತೆರೆಯ ಮೇಲೆ ಮೊದಲು ಬಂದವರು ಒಂದು, ಆಮೇಲೆ ಬಂದವರು ಎರಡು, ಹೀಗೆ ಲೆಕ್ಕ. ನನ್ನ ಲೆಕ್ಕವೂ ಅವನ ಲೆಕ್ಕವೂ ಒಂದು ದಿನವೂ ಕೂಡಿಬಂದದ್ದಿಲ್ಲ, ಏಕೆಂದರೆ ಆ ಪುಣ್ಯಾತ್ಮ ಹೆಣವನ್ನೂ ಎಣಿಸುತ್ತಿದ್ದ. ಅವನ ಪಾಲಿಗೆ ಸತ್ತವನೇ ಒಂದನೆಯವನು. "ಹೆಣ ಹೇಗೋ ಕೊಲೆ ಮಾಡುತ್ತೆ, ದಡ್ಡಾ?" ಎಂದು ನಾನು ತಲೆಗೆ ಮೊಟಕಿದರೆ, "ಅವನ ಮೇಲೂ ನಂಗೆ ಅನುಮಾನ ಕಣೇ, ಸತ್ತ ಅಂತ ಬಿಟ್ಬಿಡಕ್ಕಾಗುತ್ತಾ?" ಎನ್ನುತ್ತಿದ್ದ. ಐವತ್ತೊಂದು ವಾರ ನಾನು ಅವನನ್ನು ಆಡಿಕೊಂಡು ನಕ್ಕೆ. ಐವತ್ತೆರಡನೆಯ ಕಂತಿನಲ್ಲಿ ಸತ್ತವನೇ ಅಪರಾಧಿ. ಕೊಲೆಯ ಆರೋಪವನ್ನು ವೈರಿಯ ತಲೆಗೆ ಕಟ್ಟಲೆಂದು ತನಗೆ ತಾನೇ ವಿಷ ಹಾಕಿಕೊಂಡಿದ್ದ. ತಮ್ಮ ಒಂದು ಬೆರಳೆತ್ತಿಕೊಂಡು ಮನೆಯೆಲ್ಲ ಕುಣಿದ. ನಾನು ಟೀವಿ ಆರಿಸಿ, "ಇದು ಆಟಕ್ಕಿಲ್ಲ" ಅಂದುಬಿಟ್ಟೆ. ಸೋಲು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, ಆಗಲೂ ಅಲ್ಲ, ಆಮೇಲೂ ಅಲ್ಲ.

ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ನಾಲ್ಕು ವರ್ಷ ಅವಳ ಹಾಸಿಗೆ ಪಕ್ಕದಲ್ಲಿ ಇದ್ದವಳು ನಾನು. ತಮ್ಮ ದೂರದ ಊರಿನಲ್ಲಿ ಯಾವುದೋ ಕಟ್ಟಡದ ಲಿಫ್ಟಿನ ಕೆಲಸದಲ್ಲಿದ್ದ, ಎಲ್ಲ ಮುಗಿದ ಮಾರನೆಯ ದಿನ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದವನಿಗೆ, ಬಂದ ನೆಂಟರೆಲ್ಲ ಕೇಳುವ ಹಾಗೆ, "ಈಗ ಬರೋನು ಬರದೇ ಇದ್ದಿದ್ರೇ ವಾಸಿಯಿತ್ತು" ಎಂದೆ. ಅವನು ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೋದ. ನಾನು ಸುದ್ದಿ ಕಳಿಸಿದ್ದೇ ತಡವಾಗಿ ಎಂಬುದು ನನಗೆ ಗೊತ್ತಿತ್ತು. ಅಮ್ಮ ಇನ್ನೊಂದೆರಡು ದಿನ ಇರುತ್ತಾಳೆ, ಅವನ ಕೆಲಸ ಕೆಡಿಸುವುದೇಕೆ ಎಂದುಕೊಂಡಿದ್ದೆ. ಅದನ್ನು ಆ ನೆಂಟರ ಮುಂದೆ ಹೇಳಲಿಲ್ಲ. ಯಾರ ಮುಂದೆಯೂ ಹೇಳಿಲ್ಲ. ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ, ನಿಮ್ಮ ಮುಖ ನೋಡಬೇಕಾಗಿಲ್ಲವಲ್ಲ ಎಂಬ ಧೈರ್ಯದಿಂದ.

ಈಗ ಮರುಪ್ರಸಾರಕ್ಕೆ ಬರೋಣ, ಈ ಸಲ ದಿನಕ್ಕೊಂದು ಕಂತು. ಮೊದಲನೆಯ ಕಂತು, ನಾಲ್ಕೂ ಇಪ್ಪತ್ತಕ್ಕೆ ಜಾಹೀರಾತು. ನನ್ನ ಮೊಬೈಲು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ನಾಲ್ಕು ಸಲ ರಿಂಗಾಗಿ ನಿಂತಿತು. ಯಾರೋ ಬ್ಲೌಸಿನವರು ಇರಬೇಕೆಂದು ಸುಮ್ಮನಾದೆ. ಆ ಕಂತಿನ ಅಪರಾಧಿ ನನ್ನ ಲೆಕ್ಕದಲ್ಲಿ ಮೂರನೆಯವಳು, ಮನೆ ನೋಡಿಕೊಳ್ಳುವ ಹೆಂಗಸು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ನಂಬರು, ಎರಡು ಸಲ. ಅವತ್ತಿನ ಅಪರಾಧಿ ನನ್ನ ಲೆಕ್ಕದಲ್ಲಿ ಒಂದನೆಯವನು. ಕೈಯಲ್ಲಿದ್ದ ಪ್ಯಾಂಟು ಕೆಳಗೆ ಬಿತ್ತು. ಇಡೀ ಭೂಮಿಯ ಮೇಲೆ ಹೆಣವನ್ನು ಸೇರಿಸಿ ಎಣಿಸುವ ಮನುಷ್ಯ ಒಬ್ಬನೇ ಇರುವುದು. ಅಂಗಡಿಯ ಬೋರ್ಡಿನ ಮೇಲಿರುವ ನನ್ನ ನಂಬರು ಹದಿನೈದು ವರ್ಷದಿಂದ ಬದಲಾಗಿಲ್ಲ, ಅವನಿಗೆ ಅದು ಬಾಯಿಪಾಠ.

ನಾನು ಎತ್ತಿದೆನೆ? ಇಲ್ಲ. ತಿರುಗಿ ಮಾಡಿದೆನೆ? ಅದೂ ಇಲ್ಲ. ಮೂವತ್ತೊಂದು ದಿನ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ಎಣಿಸಿದೆ, ಇಸ್ತ್ರಿಯವರು "ಯಾರಮ್ಮಾ ಅದು, ದಿನಾ ಮಿಸ್ ಕಾಲು?" ಎಂದರೆ "ಗಿರಾಕಿ" ಎಂದೆ. ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಐವತ್ತೆರಡನೆಯ ಕಂತಿನ ದಿನ ಅವನಿಂದ ಒಂದೇ ಒಂದು ರಿಂಗ್ ಬರುತ್ತದೆ. ಆವತ್ತು ನಾನೂ ತಿರುಗಿ ಒಂದೇ ಒಂದು ರಿಂಗ್ ಕೊಟ್ಟು ಇಟ್ಟುಬಿಡಬೇಕು. ನೀನು ಹೇಳಿದ್ದೇ ಸರಿ, ನಾನೇ ಸೋತೆ ಎಂದು ಅವನಿಗೆ ತಿಳಿಯುತ್ತದೆ, ನಾನು ಬಾಯಿ ಬಿಡುವ ಕಷ್ಟವಿಲ್ಲ. ಹನ್ನೊಂದು ವರ್ಷದ ಕ್ಷಮಾಪಣೆಯನ್ನು ಒಂದು ರಿಂಗಿನಲ್ಲಿ ಮುಗಿಸುವ ಈ ಏರ್ಪಾಡು ಎಷ್ಟು ಹೇಡಿತನದ್ದು ಎಂದು ನನಗೂ ಗೊತ್ತು. ಆದರೆ ಇದ್ದದ್ದು ಅದೊಂದೇ ದಾರಿ. ಆ ದಾರಿಗೆ ನೀವು ತರಕಾರಿ ಯಂತ್ರ ಅಡ್ಡ ಇಟ್ಟಿರಿ.

ಧಾರಾವಾಹಿ ನಿಂತ ದಿನವೇ ಕರೆಯೂ ನಿಂತಿತು. ಇಸ್ತ್ರಿಯವರು ಬಂದು, "ಏನಮ್ಮಾ, ನಿಮ್ಮ ಪತ್ತೇದಾರನೇ ಕಾಣೆಯಾಗಿದ್ದಾನಂತೆ?" ಎಂದು ನಗಿಸಲು ನೋಡಿದರು. ನಗು ಬರಲಿಲ್ಲ. ನಾಲ್ಕು ಗಂಟೆಯಾದರೆ ಸೂಜಿಗೆ ದಾರ ಪೋಣಿಸಲು ಕೈ ಬರುತ್ತಿರಲಿಲ್ಲ. ಹದಿನೈದನೆಯ ದಿನ, ಮಾನ ಮರ್ಯಾದೆ ಎಲ್ಲ ಗಲ್ಲಾಪೆಟ್ಟಿಗೆಯಲ್ಲಿಟ್ಟು, ಆ ನಂಬರಿಗೆ ಫೋನ್ ಮಾಡಿದೆ.

ಎತ್ತಿದ್ದು ಒಬ್ಬಳು ನರ್ಸು. ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಂತೆ. "ಟೈಲರ್ ಅಕ್ಕನಾ? ಇವರು ಎಡಗೈಯಲ್ಲಿ ನಿಮ್ಮ ನಂಬರು ಬರ್ಕೊಟ್ಟಿದ್ರು" ಎಂದಳು. ನನ್ನ ತಮ್ಮನಿಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷವಾಗಿದೆ. ಬಲಗೈ ಏಳುವುದಿಲ್ಲ. ಮಾತು ಹೋಗಿದೆ. ಮದುವೆಯಾಗದ ಗಂಡಸು, ಜೊತೆಯ ಕೆಲಸದವರು ತಂದು ಸೇರಿಸಿದ್ದಾರೆ. "ಜಾಹೀರಾತು ಬಂದ ತಕ್ಷಣ ಬೆರಳು ತೋರಿಸ್ತಾರಕ್ಕಾ. ಅಷ್ಟು ಸಲ ರಿಂಗಾಗೋವರೆಗೂ ಕಾದು ನಾನು ಕಟ್ ಮಾಡ್ತಿದ್ದೆ. ಏನಂತ ನಂಗೇನೂ ಗೊತ್ತಿಲ್ಲ, ಅವರಿಗೆ ಮಾತ್ರ ಅದೊಂದು ಖುಷಿ."

ಹದಿನೇಳನೆಯ ಕಂತಿನ ಅಪರಾಧಿ ಅವನ ಲೆಕ್ಕದಲ್ಲಿ ಏಳನೆಯವನಾಗಬೇಕಿತ್ತು. ಅವತ್ತು ಐದೇ ಸಲ ರಿಂಗಾಗಿತ್ತು. ಇಪ್ಪತ್ತಾರನೆಯದರಲ್ಲಿ ಆರು ಆಗಬೇಕಿತ್ತು, ಮತ್ತೆ ಐದು. ನನಗಾಗ ಎಂಥ ಸಂತೋಷ! ಮರೆತಿದ್ದಾನೆ, ನನ್ನ ನೆನಪೇ ಗಟ್ಟಿ ಎಂದು ಬೀಗಿದೆ. ಒಂದೇ ಕೈ ಇರುವವನಿಗೆ ಐದಕ್ಕಿಂತ ಹೆಚ್ಚು ತೋರಿಸಲು ಬೆರಳಿಲ್ಲ ಎಂಬುದು, ಆಯುಷ್ಯವಿಡೀ ಪತ್ತೇದಾರಿ ನೋಡಿದ ನನ್ನ ಈ ಹಾಳು ತಲೆಗೆ ಹೊಳೆಯಲಿಲ್ಲ.

ನರ್ಸು ಫೋನನ್ನು ಅವನ ಕಿವಿಗೆ ಹಿಡಿದಳು. ಉಸಿರು ಕೇಳಿಸುತ್ತಿತ್ತು. ಹನ್ನೊಂದು ವರ್ಷದ ಮೇಲೆ ಅವನಿಗೆ ನಾನು ಆಡಿದ ಮೊದಲ ಮಾತು ಏನು ಗೊತ್ತೇ? "ಊಟ ಆಯ್ತೇನೋ?" ಸಾಯಂಕಾಲ ಐದು ಗಂಟೆಗೆ. ಅಷ್ಟು ಹೇಳಿ ಕಟ್ ಮಾಡಿದೆ.

ಅವಳೇ ಆಮೇಲೆ ತಿರುಗಿ ಮಾಡಿ ಹೇಳಿದಳು: "ಈಗಲೂ ನಾಲ್ಕು ಗಂಟೆಗೆ ಗಾಲಿ ಕುರ್ಚಿ ತಳ್ಕೊಂಡು ಹಾಲಿಗೆ ಬರ್ತಾರಕ್ಕಾ. ಬೇರೆಯವರು ಚಾನೆಲ್ ಬದಲಾಯಿಸಕ್ಕೆ ಹೋದ್ರೆ ಜಗಳಕ್ಕೇ ನಿಲ್ತಾರೆ. ಆ ತರಕಾರಿ ಹೆಚ್ಚೋದನ್ನ ಕೊನೇವರೆಗೂ ನೋಡ್ತಾರೆ. ಬೆರಳು ಮಾತ್ರ ಎತ್ತಲ್ಲ."

ಮಾನ್ಯರೇ, ನಿಮ್ಮ ಯಂತ್ರದ ಅತ್ಯಂತ ನಿಷ್ಠಾವಂತ ವೀಕ್ಷಕ ಯಾರೆಂದು ಈಗ ನಿಮಗೆ ತಿಳಿಯಿತು. ಅವನು ಅದನ್ನು ಕೊಳ್ಳುವುದಿಲ್ಲ. ಒಂದು ಕೈಯಲ್ಲಿ ಅದನ್ನು ತಿರುಗಿಸಲಿಕ್ಕೂ ಆಗುವುದಿಲ್ಲ. ಆ ಹಾಲಿನಲ್ಲಿರುವುದು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಒಂದು ಹಳೆಯ ಟೀವಿ, ಅದಕ್ಕೆ ನಿಮ್ಮ ಆ್ಯಪ್ ಹತ್ತುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬರುವ ಸೋಮವಾರದಿಂದ, ಮಧ್ಯಾಹ್ನ ನಾಲ್ಕು ಗಂಟೆಗೇ, ಮೂವತ್ತೆರಡನೆಯ ಕಂತಿನಿಂದ ಐವತ್ತೆರಡರವರೆಗೆ, ಒಂದನ್ನೂ ಹಾರಿಸದೆ ಪ್ರಸಾರ ಮಾಡಿ. ಜಾಹೀರಾತನ್ನೂ ತೆಗೆಯಬೇಡಿ, ಅದು ಇದ್ದಲ್ಲೇ ಇರಲಿ. ಇಪ್ಪತ್ತೊಂದು ಮಧ್ಯಾಹ್ನ, ಅಷ್ಟೇ. ಆಮೇಲೆ ವರ್ಷಪೂರ್ತಿ ಕ್ಯಾರೆಟ್ ಹೆಚ್ಚಿ, ನನ್ನದೇನೂ ಅಡ್ಡಿಯಿಲ್ಲ.

ಅವನು ಸಿಕ್ಕಿದನಲ್ಲ, ಇನ್ನು ಧಾರಾವಾಹಿ ಏಕೆ ಎನ್ನುತ್ತೀರಾ? ಅವನಿಗೆ ಮಾತಿಲ್ಲ, ನನಗೆ ಮುಖವಿಲ್ಲ. ಇಬ್ಬರ ನಡುವೆ ಆಡಲಿಕ್ಕೆ ಇದ್ದದ್ದು ಅದೊಂದೇ ಭಾಷೆ. ನೀವು ಹಾಕಿದರೂ ಹಾಕದಿದ್ದರೂ ಈ ಭಾನುವಾರ ನಾನು ಹೋಗುತ್ತೇನೆ, ಎರಡು ಬಸ್ಸು ಹಿಡಿಯಬೇಕು. ಅಷ್ಟರೊಳಗೆ ಧಾರಾವಾಹಿ ಮತ್ತೆ ಬರುತ್ತದೆ ಅನ್ನುವ ಸುದ್ದಿ ಕೊಟ್ಟರೆ ಬಾಗಿಲಲ್ಲಿ ನಿಂತು ಹೇಳಲು ಒಂದು ಮಾತಾದರೂ ಇರುತ್ತದೆ. ಇಲ್ಲವಾದರೆ ನಾನು ಹೇಳಬೇಕಾದ್ದನ್ನೇ ಹೇಳಬೇಕಾಗುತ್ತದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಇದುವರೆಗೆ "ತಪ್ಪು" ಎನ್ನುವ ತನಕ ಬಂದಿದೆ, "ನನ್ನದು" ಎನ್ನುವುದು ಇನ್ನೂ ಬಾಯಿಂದ ಹೊರಡುತ್ತಿಲ್ಲ.

ಇಂತಿ,
ಊರವರ ಬಟ್ಟೆಯನ್ನೆಲ್ಲ ಸರಿಮಾಡಿ ಕೊಡುವ,
ತನ್ನದನ್ನು ಇನ್ನೂ ಬಿಚ್ಚಿ ಹೊಲಿಯಲಾಗದ
ಒಬ್ಬ ಅಕ್ಕ