ರಟ್ಟಿನೊಳಗೆ ಸಿಕ್ಕ ಪದಪಟ್ಟಿ

ಗ್ರಂಥಾಲಯದ ಬೈಂಡಿಂಗ್ ಕೋಣೆ
ಮಾರ್ಚ್ ೩, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಲಗೈಗೆ ಸ್ವಲ್ಪವಾದರೂ ಹಿಡಿತ ಬಂತೇ? ಓದುವುದಕ್ಕೆ ತೊಂದರೆಯಿಲ್ಲ ಎಂದು ನಿನ್ನ ಮಗ ಹೇಳಿದ. ಅದಕ್ಕೇ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನ್ನಾಕೆ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೇ ಇಲ್ಲ. ಕೆಲವು ದಿನ ಬಸ್ಸಿನ ಕಂಡಕ್ಟರಿಗೆ ಇಳಿಯುವ ಜಾಗ ಹೇಳಿದ್ದೇ ಮೊದಲ ಮಾತು, ಕೊನೆಯ ಮಾತೂ ಅದೇ.

ಹೋದ ತಿಂಗಳು ನಿನ್ನ ಮಗ ಫೋನ್ ಮಾಡಿದಾಗ, ಇಲ್ಲಿ ಹಳೆಯ ಬರಹ ಓದುವ ಮೇಡಂ ಅವನ ಮಾತನ್ನು ನನಗೆ ಬಿಡಿಸಿ ಹೇಳಿದರು. ಅವರಿಗೆ ಕಡಲಾಚೆಯ ನಿಮ್ಮ ಕಡೆಯ ಭಾಷೆ ಬರುತ್ತದೆ. “ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮ ನಮ್ಮ ಭಾಷೆ ಆಡೋದೇ ಇಲ್ಲ. ತವರಿನ ಮಾತೇ ಆಡ್ತಾಳೆ. ಕುರ್ಚಿ, ಸಾಬೂನು, ಸಕ್ಕರೆ ಬಿಟ್ಟರೆ ನಮಗೇನೂ ತಿಳಿಯಲ್ಲ” ಎಂದನಂತೆ. ನಲವತ್ತು ವರ್ಷ ಅವರ ಮಾತಿನಲ್ಲೇ ಸಂಸಾರ ಮಾಡಿದವಳು, ಜಗಳವಾಡಿದವಳು, ಜೋಗುಳ ಹಾಡಿದವಳು ನೀನು. ಈಗ ಹೆತ್ತ ಮಕ್ಕಳ ನಡುವೆಯೇ ಒಂಟಿಯಾದೆಯಲ್ಲ ಎಂದು ನನಗೆ ಅನ್ನ ಸೇರಲಿಲ್ಲ. ಆ ಮೂರು ಮಾತು ಮಾತ್ರ ಹೇಗೆ ತಿಳಿಯಿತೆಂದು ಮೇಡಂ ಅವರನ್ನು ಕೇಳಿದೆ. “ಆ ಮೂರೂ ಎರಡು ಭಾಷೇಲೂ ಹೆಚ್ಚುಕಮ್ಮಿ ಒಂದೇ, ಹಳೇ ಕಾಲದ ಹಡಗಿನ ವ್ಯಾಪಾರಿಗಳ ಉಪಕಾರ ಕಣ್ರೀ. ಸಕ್ಕರೆ ನಮ್ಮ ಕಡೆಯಿಂದ ಹೋಯ್ತು, ಕುರ್ಚಿ ಅವರ ಕಡೆಯಿಂದ ಬಂತು. ಸಾಬೂನು ಯಾರ ಹಿಂದೆ ಬಂತು ಅಂತ ಪಂಡಿತರು ಇನ್ನೂ ಕಿತ್ತಾಡ್ತಿದ್ದಾರೆ” ಎಂದರು.

ಕಳೆದ ವಾರ ಒಂದು ಹಳೆಯ ಪುಸ್ತಕ ರಿಪೇರಿಗೆ ಬಂತು. ಹಿಂದೆಲ್ಲ ಬೇಡವಾದ ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ ರಟ್ಟು ಮಾಡುತ್ತಿದ್ದರು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಿದೆ. ಒಳಗೊಂದು ಹಾಳೆ, ಒಂದು ಕಡೆ ನಿನ್ನ ಮಕ್ಕಳು ಓದುವ ಲಿಪಿ, ಎದುರಿಗೆ ನಮ್ಮ ಮಾತು. ಆರು ನೂರು ವರ್ಷದ ಹಿಂದೆ ಯಾರೋ ಪರದೇಶದ ವ್ಯಾಪಾರಿ ನಮ್ಮ ಮಾತು ಕಲಿಯಲು ಬರೆಸಿಕೊಂಡ ಪಟ್ಟಿಯಂತೆ. ಮೇಡಂ ಓದುತ್ತಾ ಹೋದರು. ಮೊದಲು ನೀರು, ಉಪ್ಪು, ಹಗ್ಗ, ಎಷ್ಟು ದೂರ. ಕೆಳಗೆ ಬರುತ್ತ ಬರುತ್ತ ಜ್ವರ, ಕಂಬಳಿ, ಬಾಯಾರಿಕೆ. ಕೊನೆಗೆ “ಹತ್ತಿರ ಕೂತುಕೋ.” ಅಲ್ಲಿಂದ ಮುಂದೆ ಹಾಳೆಯಲ್ಲಿ ಏನೂ ಇಲ್ಲ. ನಾನು ಬ್ರಷ್ ಕೆಳಗಿಟ್ಟುಬಿಟ್ಟೆ. ಅವನ ಹತ್ತಿರ ಯಾರಾದರೂ ಕೂತರೋ ಇಲ್ಲವೋ, ಯಾರಿಗೆ ಗೊತ್ತು.

ಮೇಡಂ ಕೈಕಾಲು ಹಿಡಿದು ನಿನಗೂ ಅಂಥದ್ದೊಂದು ಪಟ್ಟಿ ಮಾಡಿಸಿದ್ದೇನೆ, ಜೊತೆಗಿದೆ. ನಮ್ಮ ಮಾತನ್ನು ನಿನ್ನ ಮಗ ಓದುವ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥ ಕೊಟ್ಟಿದ್ದಾರೆ. ಸಾಕು, ಬೆನ್ನು ನೋಯ್ತಿದೆ, ಕಿಟಕಿ ತೆಗಿ, ಟೀವಿ ಆರಿಸು, ಹೀಗೆ ತೊಂಬತ್ತು ಮಾತು. “ನಿನ್ನ ತಲೆ” ಎಂಬುದನ್ನೂ ಹಾಕಿಸಿದೆ. ಅದಿಲ್ಲದೆ ನಿನಗೆ ದಿನ ಸಾಗದು. ಹಾಳೆಗೆ ಬಟ್ಟೆ ಅಂಟಿಸಿದ್ದೇನೆ, ಎಷ್ಟು ಮಡಚಿದರೂ ಹರಿಯುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಹೇಳಲು ಆಗದಿದ್ದರೆ ಎಡಗೈಯಿಂದ ತಲೆ ಸವರು, ತಿಳಿದುಕೊಳ್ಳುತ್ತಾರೆ.

ನಿನ್ನ ತಮ್ಮ

ಮರೆತಿದ್ದೆ: ಇಡೀ ದಿನ ನೀನು “ಗುಬ್ಬಣ್ಣ, ಗುಬ್ಬಣ್ಣ” ಎನ್ನುತ್ತೀಯಂತೆ. ಅದೇನು ಮಾತ್ರೆಯ ಹೆಸರೇ ಎಂದು ನಿನ್ನ ಮಗ ಕೇಳಿದ. ನಾನು ಎದ್ದು ಆಚೆ ಹೋದೆ. ನನ್ನನ್ನು ಹಾಗೆ ಕರೆಯುವವರು ಈಗ ನೀನೊಬ್ಬಳೇ ಅಲ್ಲವೇ? ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿದ್ದೇನೆ, ಅರ್ಥ ಬರೆಸಿಲ್ಲ. ಟಿಕೆಟ್ ತೆಗೆಸಿ ಆಯಿತು. ಇಪ್ಪತ್ತೆಂಟರ ಬೆಳಿಗ್ಗೆ ನಿಮ್ಮ ಮನೆ ಬಾಗಿಲಲ್ಲಿ ನಿಂತಿರುತ್ತೇನೆ, ಮಗನಿಗೆ ಕೈ ಮಾಡಿ ತೋರಿಸು.