ಕೈಗೆ ಕೊಡದ ಚಾಕು

ಗೋವಿಂದರಾಜನಗರ
14 ಜುಲೈ 2024, ಭಾನುವಾರ

ತಾತನಿಗೆ ಭೈರೇಶನ ನಮಸ್ಕಾರ.

ಆ ಚಾಕುವನ್ನು ನಾನು ಎಸೆದಿಲ್ಲ. ಏಳು ವರ್ಷದ ಹಿಂದೆ ಹೆಡ್‌ಮಾಸ್ಟರು ನಿಮ್ಮನ್ನು ಸ್ಕೂಲಿಗೆ ಕರೆಸಿದ ದಿನ, ವಾಪಸು ಬರುವಾಗ ನೀವು ಅದನ್ನು ಸೇತುವೆಯ ಕಟ್ಟೆ ಮೇಲೆ ಇಟ್ಟು, ‘ನದಿಗೆ ಎಸ್ದು ಬಾ’ ಎಂದು ಮುಂದೆ ನಡೆದಿರಿ. ನಾನು ಹಿಂದೆಯೇ ಓಡಿಬಂದು ‘ಎಸ್ದೆ’ ಎಂದೆ. ಅದು ನನ್ನ ಕಾಲುಚೀಲದೊಳಗಿತ್ತು. ನಾನು ನಿಮಗೆ ಹೇಳಿದ ಸುಳ್ಳು ಅದೊಂದೇ. ಅದನ್ನು ಮೊದಲು ಹೇಳಿಬಿಡದಿದ್ದರೆ ಮಿಕ್ಕಿದ್ದು ಬರೆಯಲು ಕೈ ಓಡುವುದಿಲ್ಲ.

ಮಂಡಿ ನೋವು ಹೇಗಿದೆ? ಯುಗಾದಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ, ತಪ್ಪಾಯಿತು. ಕೆಂಗೇರಿ ದೂರ ಎಂದು ನೆಪ ಹೇಳುವುದಿಲ್ಲ, ಮೆಟ್ರೋ ಹತ್ತಿದರೆ ಅರ್ಧ ಗಂಟೆ. ಬಂದರೆ ಇದನ್ನೆಲ್ಲ ಎದುರಿಗೆ ಕೂತು ಹೇಳಬೇಕಾಗುತ್ತಿತ್ತು. ಅದಕ್ಕೆ ಧೈರ್ಯ ಬರಲಿಲ್ಲ. ಈ ಕಾಗದವನ್ನು ಇಲ್ಲಿ ನನ್ನ ಪಕ್ಕದ ಮನೆಯ ಕುಸುಮಕ್ಕ ತಂದುಕೊಡುತ್ತಾಳೆ. ಕನ್ನಡಕ ಹಾಕಿಕೊಂಡು ನೀವೇ ಓದಿ, ಅಪ್ಪನ ಕೈಲಿ ಓದಿಸಬೇಡಿ.

ಬಸವೇಶ್ವರನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಎರಡು ವರ್ಷದಿಂದ ಇದ್ದೇನೆ. ಅದಕ್ಕೆ ಮುಂಚೆ ಐದು ಕೆಲಸ ಬಿಟ್ಟವನು. ಒಂದು ಕಡೆ ಕೂರಲಾರದ ನನಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಸ್ಕೂಟರಿಗೆ ಐಸ್ ಡಬ್ಬಿ ಕಟ್ಟಿಕೊಂಡು ಆರ್‌ಪಿಸಿ ಲೇಔಟು, ವಿಜಯನಗರದ ಸಣ್ಣ ಕ್ಲಿನಿಕ್ಕುಗಳನ್ನು ಸುತ್ತಿ ರಕ್ತದ ಟ್ಯೂಬು ತರುತ್ತೇನೆ. ಮಧ್ಯಾಹ್ನ ಲ್ಯಾಬಿಗೆ ಬಂದ ಪಾರ್ಸೆಲ್ಲುಗಳನ್ನು ಬಿಚ್ಚಿ ಜೋಡಿಸುತ್ತೇನೆ.

ಸೇರಿದ ಮೊದಲ ದಿನವೇ ದೊಡ್ಡದೊಂದು ಡಬ್ಬಿ ಬಂತು. ಲ್ಯಾಬಿನಲ್ಲಿ ಇದ್ದದ್ದು ಒಂದೇ ಕತ್ತರಿ, ಅದು ಬೇಕಾದಾಗ ಸಿಗುತ್ತಿರಲಿಲ್ಲ. ನಾನು ಜೇಬಿನಿಂದ ನಿಮ್ಮ ಮಡಚೋ ಚಾಕು ತೆಗೆದೆ. ರಿಸೆಪ್ಷನ್ನಿನ ರಾಗಿಣಿ ಮೇಡಂ ಕುರ್ಚಿ ಸಮೇತ ಹಿಂದೆ ಸರಿದರು.

‘ಏನಪ್ಪಾ ಇದು, ಜೇಬಲ್ಲಿ ಚಾಕು ಇಟ್ಕೊಂಡು ಓಡಾಡ್ತೀಯಾ? ನಿನ್ ಮೇಲೆ ಕೇಸ್ ಗೀಸ್ ಇದ್ಯಾ?’

‘ಇಲ್ಲ ಮೇಡಂ. ಇದೇ ಚಾಕುಗೆ ಒಂದ್ಸಲ ಸ್ಕೂಲಿಗೆ ಪೊಲೀಸ್ನೋರು ಬಂದಿದ್ರು, ಅಷ್ಟೇ.’

ನಿಜ ಹೇಳಿದ್ದರಿಂದ ಇನ್ನೂ ಕೆಟ್ಟಿತು. ಮಷಿನ್ ನೋಡಿಕೊಳ್ಳುವ ಶ್ರೀಶ ನನ್ನ ವಯಸ್ಸಿನವನೇ. ‘ಮಗಾ, ಇನ್ಮೇಲೆ ನೀನು ಭೈರೇಶ ಅಲ್ಲ, ಮಚ್ಚೇಶ’ ಎಂದ. ಒಂದು ತಿಂಗಳು ನನ್ನನ್ನು ಕಂಡಾಗಲೆಲ್ಲ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಅದು ತಮಾಷೆ. ರಾಗಿಣಿ ಮೇಡಂ ಮಾತ್ರ ನಾನು ಒಳಗೆ ಬಂದರೆ ತಮ್ಮ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ.

ಒಂದು ದಿನ ಅವರೇ ಚಾಕು ಕೇಳಿದರು. ಮೂಸಂಬಿ ಸಿಪ್ಪೆ ಉಗುರಿಗೆ ಬರುತ್ತಿರಲಿಲ್ಲ. ಕೈ ಚಾಚಿದರು. ನಾನು ಚಾಕುವನ್ನು ಮೇಜಿನ ಮೇಲೆ ಇಟ್ಟೆ.

‘ಕೈಗೆ ಕೊಡೋಕೆ ಏನ್ ಧಾಡಿ ನಿಂಗೆ?’

‘ಕೈಗೆ ಕೊಟ್ರೆ ಜಗಳ ಆಗತ್ತೆ ಮೇಡಂ. ನಾನು ಇಡ್ಬೇಕು, ನೀವು ಎತ್ಕೋಬೇಕು. ನಮ್ ತಾತ ನಂಗೂ ಹಂಗೇ ಕೊಟ್ಟಿದ್ದು.’

ಒಳಗೆ ಶೋಭಾರಾಣಿ ಮೇಡಂ ಜೋರಾಗಿ ನಕ್ಕರು. ಅವರು ನಮ್ಮೆಲ್ಲರಿಗಿಂತ ಹಿರಿಯರು, ಲ್ಯಾಬು ನಡೆಯುವುದೇ ಅವರಿಂದ. ‘ನಮ್ಮತ್ತೆನೂ ಹಿಂಗೇ ಕಣೇ ರಾಗಿಣಿ. ನೀನು ಸುಮ್ನೆ ಹೆದರ್ಕೊಂಡೆ. ಇವನು ರೌಡಿ ಅಲ್ಲ, ಅಜ್ಜಿ’ ಎಂದರು.

ಅಂದಿನಿಂದ ಬ್ಯಾಗು ಎಳೆದುಕೊಳ್ಳುವುದು ನಿಂತಿತು. ಎಲ್ಲರೂ ಚಾಕು ಕೇಳತೊಡಗಿದರು. ಸೀಬೆಹಣ್ಣಿಗೆ, ಟೇಪಿಗೆ, ಶ್ರೀಶನ ಹುಟ್ಟುಹಬ್ಬದ ಕೇಕಿಗೆ. ಎಲ್ಲರೂ ಇಟ್ಟೇ ಕೊಡುತ್ತಾರೆ, ಎತ್ತಿಯೇ ತೆಗೆದುಕೊಳ್ಳುತ್ತಾರೆ. ‘ಡಬ್ಬಿ ಕುಯ್ದಿದ್ದರಲ್ಲೇ ಹಣ್ಣು ಕುಯ್ತೀರೇನ್ರೋ, ಇದು ಲ್ಯಾಬು’ ಎಂದು ಶೋಭಾರಾಣಿ ಮೇಡಂ ಪ್ರತಿ ಸಲ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತಾರೆ. ನಿಮ್ಮ ಚಾಕು ಇಷ್ಟು ಶುಭ್ರವಾಗಿ ಯಾವತ್ತೂ ಇರಲಿಲ್ಲ ತಾತ. ಡಿಪೋದಲ್ಲಿ ಬಸ್ಸಿನ ಸೀಟಿಗೆ ರೆಕ್ಸಿನ್ ಕುಯ್ದು ಕುಯ್ದು ನೀವು ಸವೆಸಿದ ಅಲಗು ಅದು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಮಸೆಯುವುದು ಹೇಗೆಂದು ನೀವು ಹೇಳಿಕೊಟ್ಟಿರಿ. ಇವತ್ತಿಗೂ ಹಾಗೇ ಮಸೆಯುತ್ತೇನೆ. ಸ್ಕೂಲಿನಲ್ಲಿ ಕಲಿತದ್ದು ಬಹಳ ಮರೆತಿದ್ದೇನೆ, ನೀವು ಕಲಿಸಿದ್ದು ಯಾವುದೂ ಮರೆತಿಲ್ಲ.

ಫೆಬ್ರವರಿಯಲ್ಲಿ ಹೆಡ್ ಆಫೀಸಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಚಾಕು ಮೇಜಿನ ಮೇಲೆ, ಟ್ಯೂಬುಗಳ ಪಕ್ಕದಲ್ಲೇ ಇತ್ತು.

‘ಯಾರದಿದು? ಪೇಷಂಟ್‌ಗಳು ಬರೋ ಜಾಗದಲ್ಲಿ ಚಾಕು ತಂದಿಟ್ಟಿರೋರು ಇವತ್ತೇ ಮನೆಗೆ ಹೋಗ್ಬಹುದು.’

ನನಗೆ ಬಾಯಿ ಒಣಗಿತು. ಅದೇ ಪ್ರಶ್ನೆ, ಅದೇ ದನಿ. ನಾನು ಬಾಯಿ ತೆರೆಯುವ ಮೊದಲೇ ಶೋಭಾರಾಣಿ ಮೇಡಂ ಹೇಳಿದರು. ‘ನಮ್ದು ಸಾರ್.’

‘ಹೌದು ಸಾರ್, ನಮ್ದು. ಲ್ಯಾಬಿಂದು’ ಎಂದ ಶ್ರೀಶ.

ರಾಗಿಣಿ ಮೇಡಂಗೆ ಆಗ ಏಳು ತಿಂಗಳು. ಸೊಂಟ ಹಿಡಿದುಕೊಂಡು ಎದ್ದು ನಿಂತು, ‘ನಮ್ದೇ ಸಾರ್’ ಎಂದರು.

ನನ್ನ ಗುಣ ನಿಮಗೆ ಗೊತ್ತಲ್ಲ, ಸುಮ್ಮನಿರಲಾಗಲಿಲ್ಲ. ‘ಇಲ್ಲ ಸಾರ್, ಇವರದಲ್ಲ. ನಂದು. ನಮ್ ತಾತ ಕೊಟ್ಟಿದ್ದು’ ಎಂದೆ. ಶ್ರೀಶ ಹಣೆ ಚಚ್ಚಿಕೊಂಡ.

‘ಅವನದು ಅಂದ್ರೂ ನಮ್ದೇ ಸಾರ್’ ಎಂದರು ಶೋಭಾರಾಣಿ ಮೇಡಂ, ದನಿ ಏರಿಸದೆ.

ಸಾಹೇಬರು ಚಾಕು ಎತ್ತಿ ತಿರುಗಿಸಿ ನೋಡಿದರು. ನಮ್ಮ ನಾಲ್ಕೂ ಜನರ ಮುಖ ನೋಡಿದರು. ‘ಡ್ರಾಯರಲ್ಲಿ ಇಡಿ. ಹೊರಗೆ ಕಾಣ್ಬಾರ್ದು’ ಎಂದು ಮುಂದಿನ ಕೋಣೆಗೆ ಹೋದರು. ನಾನು ಹಿತ್ತಿಲಿಗೆ ಹೋಗಿ ಐಸ್ ಡಬ್ಬಿ ತೊಳೆದೆ. ಬಹಳ ಹೊತ್ತು ತೊಳೆದೆ.

ಏಪ್ರಿಲ್‌ನಲ್ಲಿ ರಾಗಿಣಿ ಮೇಡಂಗೆ ಹೆಣ್ಣು ಮಗುವಾಯಿತು. ಅವರೇ ಫೋನ್ ಮಾಡಿ, ‘ಮಗು ದಿಂಬಿನ ಕೆಳಗೆ ಕಬ್ಬಿಣ ಇಡ್ಬೇಕು ಅಂತಾರೆ ನಮ್ಮಮ್ಮ. ಅಂಗಡಿಯಿಂದ ಹೊಸದು ತರ್ತೀನಿ ಅಂದ್ರು ನಮ್ಮನೆಯವರು. ಬೇಡ, ಮಚ್ಚೇಶಂದು ತನ್ನಿ ಅಂದೆ’ ಎಂದರು. ನನ್ನನ್ನು ನೋಡಿದರೆ ಬ್ಯಾಗು ಎಳೆದುಕೊಳ್ಳುತ್ತಿದ್ದವರು ತಾತ ಅವರು. ಮೂರು ತಿಂಗಳು ಆ ಕೂಸು ನಿಮ್ಮ ಚಾಕುವಿನ ಕಾವಲಿನಲ್ಲಿ ಮಲಗಿತ್ತು. ಹೋದ ವಾರ ಅದು ವಾಪಸು ಬಂತು, ಹಿಡಿಗೆ ಕುಂಕುಮ ಹತ್ತಿತ್ತು. ಒರೆಸಿಲ್ಲ.

ಹೊಸಪೇಟೆಯಲ್ಲಿ ನಮ್ಮ ಲ್ಯಾಬಿನ ಹೊಸ ಬ್ರಾಂಚು ತೆರೆಯುತ್ತಾರೆ. ಯಾರು ಹೋಗುತ್ತೀರಿ ಎಂದಾಗ ನಾನೇ ಕೈ ಎತ್ತಿದೆ. ಇಲ್ಲಿ ಬೇಸರವಾಗಿ ಅಲ್ಲ. ಇವರೆಲ್ಲ ಇಷ್ಟು ಒಳ್ಳೆಯವರಾದ ಮೇಲೆ, ಹೊಸ ಜಾಗಕ್ಕೆ ಹೋಗಲು ಮೊದಲ ಸಲ ಹೆದರಿಕೆ ಇಲ್ಲ. ಈ ಎರಡು ವರ್ಷಕ್ಕೆ ನಾನು ಋಣಿ. ನೀವು ಆ ಚಾಕು ಕೊಡದಿದ್ದರೆ ಇವರು ಯಾರೂ ನನಗೆ ಹೀಗೆ ಸಿಗುತ್ತಿರಲಿಲ್ಲ. ಅದಕ್ಕೂ ಋಣಿ.

ಮಂಡಿಗೆ ಬಿಸಿ ಎಣ್ಣೆ ಹಚ್ಚುವುದು ಬಿಡಬೇಡಿ. ದೂರದಿಂದಲೇ ನಿಮ್ಮ ಪಾದ ಮುಟ್ಟುತ್ತೇನೆ, ತಲೆ ಮೇಲೆ ಕೈ ಇಟ್ಟು ಹರಸಿ.

ನಿಮ್ಮ ಮೊಮ್ಮಗ,
ಭೈರೇಶ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಆ ದಿನ ಹೆಡ್‌ಮಾಸ್ಟರ ರೂಮಿನಲ್ಲಿ ‘ನಮ್ ತಾತ ಕೊಟ್ಟಿದ್ದು’ ಎಂದು ನಾನು ಆಗಲೇ ಹೇಳಿದ್ದೆ. ನಿಮ್ಮನ್ನು ಕರೆಸಿ ಕೇಳಿದರು. ನೀವು ಅಲ್ಲಿ ಕೂತಿದ್ದ ಪೊಲೀಸರನ್ನು ನೋಡಿದಿರಿ, ನನ್ನನ್ನು ನೋಡಲಿಲ್ಲ. ‘ನಮ್ದಲ್ಲ ಸಾರ್’ ಎಂದಿರಿ. ‘ಹಂಗಾದ್ರೆ ಎಲ್ಲಿ ಕದ್ದೆ?’ ಎಂದು ಅವರು ನನ್ನನ್ನು ಕೇಳಿದರು. ಕೊನೆಗೆ ಬೈದು, ಎಲ್ಲಾದರೂ ಎಸೆದುಬಿಡಿ ಎಂದು ಚಾಕುವನ್ನು ನಿಮ್ಮ ಮುಂದೆ ತಳ್ಳಿ ಕಳಿಸಿದರು. ಆಮೇಲೆ ನಾನು ಸ್ಕೂಲು ಬಿಟ್ಟದ್ದು, ಮನೆಯಲ್ಲಿ ಎಲ್ಲರೂ ಅಂದುಕೊಂಡ ಹಾಗೆ ಲೆಕ್ಕ ತಲೆಗೆ ಹತ್ತದೆ ಅಲ್ಲ ತಾತ. ನೀವು ಹೆದರಿದ್ದಿರಿ. ಫೆಬ್ರವರಿಯಲ್ಲಿ ನನ್ನ ಬಾಯಿ ಒಣಗಿದಾಗ ಆ ಹೆದರಿಕೆ ಎಂಥದ್ದೆಂದು ನನಗೂ ಗೊತ್ತಾಯಿತು. ಸಿಟ್ಟಿಲ್ಲ.

ಈ ಕಾಗದದ ಜೊತೆ ಚಾಕುವನ್ನೂ ಕಳಿಸುತ್ತಿದ್ದೇನೆ. ಕುಸುಮಕ್ಕ ಕೈಗೆ ಕೊಡುವುದಿಲ್ಲ, ನಿಮ್ಮ ಮುಂದೆ ಇಡುತ್ತಾಳೆ. ನಿಮ್ಮದು ಅನ್ನಿಸಿದರೆ ಎತ್ತಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ಬಿಡಿ, ಅವಳು ಲ್ಯಾಬಿಗೆ ತಲುಪಿಸುತ್ತಾಳೆ.

ನಾಳೆ ಬೆಳಿಗ್ಗೆ ಆರೂ ಕಾಲಿನ ಬಸ್ಸಿಗೆ ಹೊಸಪೇಟೆಗೆ ಹೊರಡುತ್ತಿದ್ದೇನೆ.