ಬೇರೆ ಕಾವಿನ ಮಗು

ಓಸ್ಲೋ
ಏಪ್ರಿಲ್ ೧೧, ಗುರುವಾರ

ಪ್ರೀತಿಯ ಅಮ್ಮ,

ಈ ಎರಡು ಪದ ಬರೆದು, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು, ಅದು ತಣ್ಣಗಾಗುವವರೆಗೆ ಅವನ್ನೇ ನೋಡುತ್ತ ಕುಳಿತಿದ್ದೆ. ನಿನ್ನನ್ನು ಏನೆಂದು ಕರೆಯಲಿ ಎಂದು ಯೋಚಿಸಬೇಕಾಗಿ ಬಂದದ್ದು ಇಪ್ಪತ್ತಾರು ವರ್ಷಗಳಲ್ಲಿ ಇದೇ ಮೊದಲು. ಬೇರೆ ಪದ ಸಿಗಲಿಲ್ಲ. ಅದನ್ನೇ ಉಳಿಸಿಕೊಂಡಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಗೆ ಎಂದು ನಿನಗೆ ಗೊತ್ತು. ನೀನು ಗ್ಲೊಮ್ಮಾ ನದಿಯ ಮಂಜುಗಡ್ಡೆ ಒಡೆದ ಸುದ್ದಿ ಹೇಳುತ್ತೀಯ, ಉಣ್ಣೆ ಕಾಲುಚೀಲ ಹಾಕಿಕೊಂಡಿದ್ದೀಯಾ ಎಂದು ಕೇಳುತ್ತೀಯ, ನಾನು ಹೂಂ ಎನ್ನುತ್ತೇನೆ, ಅಷ್ಟರಲ್ಲಿ ಮಾತು ಮುಗಿದಿರುತ್ತದೆ. ಕಾಗದದಲ್ಲಿ ನೀನು ಮಾತು ಬದಲಿಸಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ನ್ಯಾಯಾಲಯದ ಕಾಗದ ಶನಿವಾರ ತಲುಪಿತು. ನೀನದನ್ನು ಮೂರು ಮಡಿಕೆ ಮಡಚಿ, ಮೇಲಿನ ಎರಡು ಮಡಿಕೆಗೆ ಕ್ಲಿಪ್ ಹಾಕಿದ್ದೆ. ಕಾಣುತ್ತಿದ್ದದ್ದು ಕೆಳಗಿನ ಖಾಲಿ ಗೆರೆ ಮಾತ್ರ. ಅದರ ಪಕ್ಕದಲ್ಲಿ ನಿನ್ನ ಹಳದಿ ಚೀಟಿ: “ಇಲ್ಲಿ ಸಹಿ ಹಾಕು ಪುಟ್ಟಿ. ಬರೀ ಶಾಸ್ತ್ರಕ್ಕೆ. ನನಗೇ ವಾಪಸ್ ಕಳಿಸು.” ಅಪ್ಪನ ಪಾಲು ಒಡೆಯದೆ ಮನೆ ನಿನ್ನ ಕೈಯಲ್ಲೇ ಉಳಿಯಬೇಕಾದರೆ ಇಪ್ಪತ್ತೆರಡರೊಳಗೆ ಇದು ಕೋರ್ಟಿಗೆ ಸೇರಬೇಕು, ಇಲ್ಲದಿದ್ದರೆ ಮನೆ ಮಾರಿ ಹಂಚಬೇಕಾಗುತ್ತದೆ ಎಂದು ನೀನು ಫೋನಿನಲ್ಲಿ ಮೊದಲೇ ಹೇಳಿದ್ದೆ. ಅಪ್ಪ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಅವನ ಸ್ಕೀ ಇನ್ನೂ ಗೋಡೆಗೆ ಒರಗಿಕೊಂಡಿದೆ. ನಿನ್ನ ಹತ್ತಿರ ಪಾಲು ಕೇಳುವವರು ಯಾರು? ಭಾನುವಾರ ತಿಂಡಿ ತಿನ್ನುತ್ತಲೇ, ಕ್ಲಿಪ್ ಕೂಡ ತೆಗೆಯದೆ ಸಹಿ ಹಾಕಿದೆ. ಚೀಸಿನ ಜಿಡ್ಡು ಅಂಚಿಗೆ ತಾಗಿದೆ.

ಅವತ್ತು ಆಮುಂಡ್‌ಗೆ ಫೋನ್ ಮಾಡಿ, ಅವನ ಕಾಗದಕ್ಕೆ ಅವನೂ ಸಹಿ ಹಾಕಿದನೇ ಎಂದು ಕೇಳಿದೆ.

“ನಂಗ್ಯಾವ ಕಾಗದಾನೂ ಬಂದಿಲ್ವಲ್ಲ! ನೀನು ದೊಡ್ಡೋಳು ಅಂತ ನಿನಗೆ ಮಾತ್ರ ಇರ್ಬೇಕು. ನಮ್ಮನ್ನ ಯಾರು ಕೇಳ್ತಾರೆ ಬಿಡೇ ಇದ್ದಿಲು” ಎಂದ ತಮ್ಮ, ಎಂದಿನಂತೆ ನನ್ನ ಅಡ್ಡಹೆಸರು ಹಿಡಿದು. ನಾನೂ ಹಾಗೇ ಇರಬೇಕೆಂದುಕೊಂಡೆ.

ನನ್ನ ಕೆಲಸದ ಬಗ್ಗೆ ನಿನಗೆ ಹೆಚ್ಚು ಹೇಳಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವುದು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಒಬ್ಬಳೇ ಕೂರುವ ಕೆಲಸ, ನನಗೆ ಹೇಳಿಮಾಡಿಸಿದ್ದು. ಗಾಜಿನ ಆಚೆ ಓಡ್‌ವಾರ್ ಎಂಬ ಅರವತ್ತು ದಾಟಿದ ಧ್ವನಿ ತಂತ್ರಜ್ಞರು ಕೂರುತ್ತಾರೆ. ಸಾಹಿತ್ಯ ಓದಿದವಳು ಎಂದು ನನಗೆ ಕಾದಂಬರಿ ಕೊಡುತ್ತಾರೆಂದುಕೊಂಡಿದ್ದೆ. ಕೊಟ್ಟದ್ದು ಉತ್ತರಾಧಿಕಾರ ಕಾನೂನಿನ ಪುಸ್ತಕ. ಒಂದೊಂದು ಪದವೂ ಸರಕು ರೈಲಿನಷ್ಟು ಉದ್ದ.

ಓಡ್‌ವಾರ್ ಗಾಜಿಗೆ ಅಂಗಡಿಯ ಒಂದು ಚೀಟಿ ಅಂಟಿಸಿದ್ದಾರೆ. ಡಬ್ಬದ ಹೆಸರನ್ನು ಯಾರೋ ನಡುವೆ ಜಾಗ ಬಿಟ್ಟು ಬರೆದದ್ದು. ಕೂಡಿಸಿ ಬರೆದರೆ ಅನಾನಸ್ ತುಂಡುಗಳು, ಬಿಡಿಸಿ ಬರೆದರೆ ಅನಾನಸ್ ಕಚ್ಚುತ್ತದೆ! “ನೋಡಮ್ಮಾ, ನಡುವೆ ಉಸಿರು ಬಿಟ್ಯೋ, ಹಣ್ಣು ಕಚ್ಚುತ್ತೆ. ಕಾನೂನಿನ ಪದ ಅದಕ್ಕಿಂತ ಜೋರಾಗಿ ಕಚ್ಚುತ್ತೆ” ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಉದ್ದ ಪದ ಎದುರಾದರೆ ಬಾಲದಿಂದ ಹಿಡಿಯಬೇಕಂತೆ. ಕೊನೆಯ ತುಂಡೇ ಮನುಷ್ಯ, ಅದಕ್ಕೆ ಮೊದಲಿನದ್ದೆಲ್ಲ ಅವನ ಟೋಪಿ. ಆದರೆ ಬಾಯಲ್ಲಿ ಒತ್ತು ಬೀಳುವುದು ಟೋಪಿಯ ಮೇಲೆ.

ಮೊದಲ ವಾರ ನಾನು ಹಾಸ್ಯದ ವಸ್ತುವಾಗಿದ್ದೆ. ನಿನ್ನ ಕಾಗದದ್ದೇ ವಿಷಯ, ಪಾಲು ಮಾಡದೆ ಉಳಿಸುವುದು. ಅದರ ಪದವನ್ನು ನನ್ನ ಕಣ್ಣು ತಪ್ಪು ಜಾಗದಲ್ಲಿ ಕತ್ತರಿಸಿ “ಉಸ್‌-ಕಿಫ್ತೆ” ಎಂದು ಓದಿಬಿಟ್ಟಿತು. ಓಡ್‌ವಾರ್ ಮೇಜು ಬಡಿದು ನಕ್ಕರು. “ಉಸ್ ಅಂತ ಯಾರಿಗಮ್ಮಾ ಸುಸ್ತಾಯ್ತು? ಊ ಅಂದ್ರೆ ಇಲ್ಲ, ಶಿಫ್ತೆ ಅಂದ್ರೆ ಪಾಲು. ಊಶಿಫ್ತೆ! ಕತ್ತರಿ ಎಲ್ಲಿ ಹಾಕ್ತೀಯೋ ಅಲ್ಲಿಂದಲೇ ಸದ್ದು ಬದಲಾಗುತ್ತೆ.”

ಮಂಗಳವಾರ ಬೆಳಗ್ಗೆ ಅದೇ ಅಧ್ಯಾಯದ ಮುಂದಿನ ಭಾಗ. ಗಂಡನೋ ಹೆಂಡತಿಯೋ ತೀರಿಕೊಂಡಾಗ ಉಳಿದವರು ಆಸ್ತಿಯನ್ನು ಪಾಲು ಮಾಡದೆ ಇಟ್ಟುಕೊಳ್ಳಬಹುದು. ಇಬ್ಬರಿಗೂ ಹುಟ್ಟಿದ ಮಕ್ಕಳನ್ನು ಕೇಳಬೇಕಾಗಿಲ್ಲ. ಆದರೆ ಸ್ಯಾರ್‌ಕುಲ್ಸ್‌ಬಾಣ್ ಇದ್ದರೆ ಅದರ ಲಿಖಿತ ಒಪ್ಪಿಗೆ ಬೇಕು.

ಆ ಪದವನ್ನು ನಾನು ತಡವರಿಸದೆ ಹೇಳಿದೆ ಅಮ್ಮ. ಒತ್ತು ಸರಿಯಾಗಿ ಮೊದಲಿಗೆ ಬಿತ್ತು. ಕೊನೆಯ ಎರಡು ವ್ಯಂಜನ ಕೂಡಿ, ನಾಲಿಗೆ ಹಿಂದಕ್ಕೆ ಮಡಚಿ, ಒಂದೇ ಣಕಾರವಾಯಿತು. ಹಿಂದೆಂದೂ ಗಟ್ಟಿಯಾಗಿ ಓದಿರದ ಪದ ಇಷ್ಟು ಸಲೀಸಾಗಿ ಹೇಗೆ ಬಂತು ಎಂದು ಆಶ್ಚರ್ಯಪಡುವಷ್ಟರಲ್ಲಿ ಕಿವಿಯ ಹೆಡ್‌ಫೋನಿನಲ್ಲಿ ನನ್ನದೇ ದನಿ ಕೇಳಿಸಿತು. ಅದು ನನ್ನ ದನಿಯಾಗಿರಲಿಲ್ಲ. ಬೆರಿತ್ ಅತ್ತೆಯ ದನಿಯಾಗಿತ್ತು.

ಓದುವುದು ನಿಂತುಹೋಯಿತು. ಈ ಪದಕ್ಕೂ ಇದ್ದಿಲಿಗೂ ಏನು ಸಂಬಂಧ ಎಂದು ಓಡ್‌ವಾರ್ ಅವರನ್ನು ಕೇಳಿದೆ.

“ಇದ್ದಿಲಾ? ಇದ್ದಿಲಲ್ಲ ಕಣಮ್ಮಾ, ಕೋಳಿ ಮರಿ! ಇದ್ದಿಲಿಗೂ ಕುಲ್ ಅಂತಾರೆ, ಇದಕ್ಕೂ ಕುಲ್, ಬರೆಯೋದು ಒಂದೇ ಥರ ಅಷ್ಟೆ. ಒಂದು ಕಾವಿಗೆ ಕೂತು ಎದ್ದ ಮರಿಗಳೆಲ್ಲ ಒಂದು ಕುಲ್. ಸ್ಯಾರ್ ಅಂದ್ರೆ ಬೇರೆ. ನಡುವೆ ಒಂದು ಸ್, ಅದು ಯಾರ ಮಗನೂ ಅಲ್ಲ, ಬರೀ ಅಂಟು. ಬಾಣ್ ಅಂದ್ರೆ ಮಗು. ಬೇರೆ ಕಾವಿನ ಮಗು. ಗಂಡಂಗೆ ಬೇರೆ ಹೆಂಗಸಲ್ಲಿ ಹುಟ್ಟಿದ್ದು. ಯಾಕಮ್ಮಾ, ಮುಖ ಹೀಗೆ ಬಿಳಿಚಿಕೊಂಡಿದೆ? ನೀರು ಬೇಕಾ?”

ನಾನು ಚೀಲದಿಂದ ನಿನ್ನ ಕಾಗದ ತೆಗೆದೆ. ಕ್ಲಿಪ್ ತೆಗೆದೆ. ಒಂದು ಮಡಿಕೆ ಬಿಚ್ಚಿದೆ, ಇನ್ನೊಂದು ಬಿಚ್ಚಿದೆ. ತಲೆಬರಹದಲ್ಲಿ ಅದೇ ಪದ, ದಪ್ಪ ಅಕ್ಷರದಲ್ಲಿ, ನಡುವೆ ಎಲ್ಲೂ ಜಾಗವಿಲ್ಲದೆ. ಅದರ ಕೆಳಗೆ ನಿನ್ನ ದುಂಡು ಅಕ್ಷರದಲ್ಲಿ ನನ್ನ ಹೆಸರು.

  

ನಿನಗೆ ನೆನಪಿದೆಯೇ? ನನಗಾಗ ಐದು ವರ್ಷ. ಕ್ರಿಸ್‌ಮಸ್‌ಗೆ ನೀನು ಹಂಚಿನ ಮೇಲೆ ಲೆಫ್ಸೆ ರೊಟ್ಟಿ ಬೇಯಿಸುತ್ತಿದ್ದೆ, ಬೆರಿತ್ ಅತ್ತೆ ಲಟ್ಟಿಸುತ್ತಿದ್ದಳು. ನಾನು ಮೇಜಿನ ಕೆಳಗಿದ್ದೆ. “ಸ್ಯಾರ್‌ಕುಲ್ಸ್‌ಬಾಣ್ ಆದ್ರೇನು, ನಿನ್ನ ಲಂಗ ಬಿಡಲ್ವಲ್ಲ ಇದು” ಎಂದಳು ಅತ್ತೆ. ಹಾಗೆಂದರೇನು ಎಂದು ನಾನು ಕೇಳಿದೆ. ಒಂದು ಲೆಫ್ಸೆ ಸೀದ ವಾಸನೆ ಬಂತು. ಆಮೇಲೆ ನೀನು ಬಗ್ಗಿ, ಹಿಟ್ಟಿನ ಕೈಯಲ್ಲೇ ನನ್ನ ಕೂದಲು ಸವರಿ ಹೇಳಿದೆ: “ಇದ್ದಿಲ ಮಗು ಅಂತ, ಪುಟ್ಟಿ. ನಮ್ಮ ಮನೇಲಿ ಯಾರಿಗಿದೆ ಇಷ್ಟು ಕಪ್ಪು ಕೂದಲು?”

ಎಷ್ಟು ಚುರುಕಾದ ಸುಳ್ಳು! ಅಂದಿನಿಂದ ನಾನು ಇದ್ದಿಲು. ಅಪ್ಪನಿಗೂ, ಆಮುಂಡ್‌ಗೂ, ಹೊಲದಾಚೆಯ ನೆರೆಯವರಿಗೂ. ಅಪ್ಪ ನಗುತ್ತಲೇ ಕರೆಯುತ್ತಿದ್ದ. ಅವನ ನಗು ಒಂದು ಗಳಿಗೆ ತಡವಾಗಿ ಬರುತ್ತಿತ್ತು ಎಂದು ಈಗ ಅನಿಸುತ್ತಿದೆ. ಈಗ ಎಲ್ಲವೂ ಹಾಗೇ ಅನಿಸುತ್ತದೆ. ಆ ಪದವನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿರಬೇಕೋ. ಇದು ನಮ್ಮ ಮನೆಯ ತಮಾಷೆ ಎಂದು ಕಣ್ಣು ಜಾರಿಹೋಗಿರಬೇಕು.

ನನ್ನನ್ನು ಹೆಚ್ಚು ನಾಚಿಸಿದ್ದು ಇನ್ನೊಂದು. ನಮ್ಮ ತೋಲ್ಗಾದಲ್ಲಿ ಇದ್ದಿಲನ್ನು ಯಾರೂ ಕುಲ್ ಎನ್ನುವುದಿಲ್ಲ. ಅದು ಪಟ್ಟಣದವರ, ಪುಸ್ತಕದವರ ಮಾತು. ತಾಮ್ರದ ಕುಲುಮೆಗಳಿಗಾಗಿ ತಲೆಮಾರುಗಟ್ಟಲೆ ಕಾಡು ಸುಟ್ಟ ಜನ ನಾವು; ನಮ್ಮ ಬಾಯಲ್ಲಿ ಅದು ಕೊಳ್, ದಪ್ಪ ಳಕಾರದ ಕೊಳ್. ನೀನು ಒಲೆಗೆ ಹಾಕುತ್ತಿದ್ದದ್ದು ಕೊಳ್. ಅಜ್ಜನ ಕಾಡಿನ ಗುಂಡಿಯಲ್ಲಿದ್ದದ್ದು ಕೊಳ್. ನಾನೊಬ್ಬಳು ಮಾತ್ರ ಕುಲ್. ಇಪ್ಪತ್ತೊಂದು ವರ್ಷ ಒಂದೇ ಮನೆಯಲ್ಲಿ ಎರಡು ಇದ್ದಿಲು ಉರಿಯುತ್ತಿದ್ದವು, ಮತ್ತು ಹಳ್ಳಿಯ ಆಡುಮಾತಿನ ಮೇಲೆ ಪ್ರಬಂಧ ಬರೆದು ಪದವಿ ಪಡೆದ ನನಗೆ ಅದು ಕೇಳಿಸಲಿಲ್ಲ.

ನಿನ್ನೆ ಬೆರಿತ್ ಅತ್ತೆಗೆ ಫೋನ್ ಮಾಡಿದೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ನಾನು ಬೇರೇನೂ ಕೇಳಲಿಲ್ಲ; ಇದ್ದಿಲಿಗೆ ಏನನ್ನುತ್ತೀ ಎಂದೆ. “ಕೊಳ್. ಯಾಕೆ?” ಎಂದಳು. ಹಾಗಾದರೆ ನಾನ್ಯಾಕೆ ಕುಲ್ ಎಂದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

“ಅಯ್ಯೋ ದೇವರೇ, ಅವಳಿನ್ನೂ ಹೇಳಿಲ್ವಾ? ಶಾಲೆಗೆ ಸೇರಿಸುವಾಗ ಹೇಳ್ತೀನಿ ಅಂದ್ಲು. ಚರ್ಚಲ್ಲಿ ದೀಕ್ಷೆ ಆಗ್ಲಿ ಅಂದ್ಲು. ಪರೀಕ್ಷೆ ಮುಗೀಲಿ ಅಂದ್ಲು. ಆಮೇಲೆ ನಿಮ್ಮಪ್ಪನ ಕಾಯಿಲೆ. ನಾನು ಬೈದೆ ಕಣೇ, ಒಂದಿನ ಯಾವನೋ ಗುಮಾಸ್ತ ಹೇಳ್ತಾನೆ ನೋಡು ಅಂತ ಬೈದೆ.”

ನನ್ನನ್ನು ಹೆತ್ತವಳ ಹೆಸರು ಸುನ್ನಿವಾ ಎಂದು ನಾನು ಮೊದಲ ಬಾರಿಗೆ ಕೇಳಿದ್ದು ನಿನ್ನೆ ಸಂಜೆ ಐದೂವರೆಗೆ. ಉತ್ತರದ ಸಮುದ್ರತೀರದವಳು, ನಮ್ಮೂರ ಶಾಲೆಗೆ ಸಂಗೀತ ಕಲಿಸಲು ಬಂದವಳು, ಕಪ್ಪು ಕೂದಲಿನವಳು. ಮೆದುಳಿನಲ್ಲಿ ರಕ್ತನಾಳ ಒಡೆದು ಅವಳು ಹೋದಾಗ ನನಗೆ ಏಳು ತಿಂಗಳಂತೆ. ಪಕ್ಕದ ಮನೆಯ ನೀನು ನನ್ನನ್ನು ಎತ್ತಿಕೊಳ್ಳಲು ಬಂದವಳು ವಾಪಸ್ ಹೋಗಲೇ ಇಲ್ಲವಂತೆ.

ಹಾಗಾದರೆ ದತ್ತು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ. ತೆಗೆದುಕೊಂಡಿದ್ದರೆ ಈ ಕಾಗದವೇ ಬರುತ್ತಿರಲಿಲ್ಲ, ನನಗೆ ಏನೂ ಗೊತ್ತಾಗುತ್ತಲೂ ಇರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡಳು. “ಅರ್ಜಿ ತಂದಿಟ್ಟಿದ್ದ ನಿಮ್ಮಪ್ಪ. ಇವಳೇ ಬೇಡ ಅಂದ್ಲು. ದತ್ತು ಆದ್ರೆ ಆ ಹುಡುಗಿ ಹೆಸರು ಕಾಗದದಿಂದ ಹೋಗುತ್ತೆ, ಸತ್ತೋಳಿಗೆ ಉಳಿದಿರೋದು ಅದೊಂದೇ, ಅದನ್ನೂ ಕಿತ್ಕೊಳ್ಳೋಕೆ ನನ್ನ ಕೈಲಾಗಲ್ಲ ಅಂದ್ಲು.”

ಅಮ್ಮ, ನಿನ್ನನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಕಾಗದದಲ್ಲಿ ಅವಳ ಹೆಸರನ್ನು ಕಾಪಾಡಿದೆ, ಮನೆಯಲ್ಲಿ ಒಂದು ಸಲವೂ ಉಸುರಲಿಲ್ಲ. ಅವಳ ಒಂದು ಫೋಟೋ ಇದೆಯೇ? ಹಾಡುತ್ತಿದ್ದಳೇ? ನಾನು ಹಾಡಲು ನಾಚುತ್ತೇನೆಂದು ನೀನು ಎಲ್ಲರೆದುರು ಹೇಳುತ್ತಿದ್ದಾಗ ನಿನಗೆ ಏನನಿಸುತ್ತಿತ್ತು? ಅಪ್ಪನ ಶವಪೆಟ್ಟಿಗೆಯ ಬಳಿ ನನ್ನ ಕೈ ಹಿಡಿದು ನಿಂತಿದ್ದೆಯಲ್ಲ, ಆಗಲಾದರೂ ಹೇಳಬಹುದಿತ್ತು. ಹೇಳುವ ಬದಲು ಕಾಗದ ಮಡಚಿ ಕ್ಲಿಪ್ ಹಾಕಿದೆ. ನನಗೆ ಬೇರೆ ಕಾವಿನವಳಾದ ನೋವಿಲ್ಲ. ನಾನು ಬಿಚ್ಚಿ ಓದುವವಳಲ್ಲ ಎಂದು ನಿನಗೆ ಅಷ್ಟು ಖಾತ್ರಿಯಿತ್ತಲ್ಲ, ಅದೇ ನೋವು.

ಸಹಿ ಹಾಕಿದ ಕಾಗದ ಈಗಲೂ ನನ್ನ ಚೀಲದಲ್ಲಿದೆ. ಅದನ್ನು ಹರಿಯಬಹುದು. ಹರಿದರೆ ಕಾನೂನು ನನ್ನ ಕಡೆಗಿದೆ. ಆ ಅಧ್ಯಾಯವನ್ನು ನಾನೇ ಓದಿ ಮುದ್ರಿಸಿದ್ದೇನೆ. ಇನ್ನು ಹನ್ನೊಂದು ದಿನ.

ಇವತ್ತು ಓಡ್‌ವಾರ್ ಆ ಪುಟವನ್ನು ಮತ್ತೆ ಓದಿಸಿದರು. ನಾಲ್ಕು ಸಲ ದನಿ ಒಡೆಯಿತು, ಐದನೆಯದು ಸರಿಹೋಯಿತು. “ನೋಡಿದ್ಯಾ, ಒತ್ತು ‘ಬೇರೆ’ ಅನ್ನೋದರ ಮೇಲೆ. ಅದು ಬರೀ ಟೋಪಿ, ಮರೀಬೇಡ” ಎಂದರು. ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ. ಕಿವಿಯಲ್ಲೇ ಜೀವನ ಕಳೆದವರು, ಕೇಳಿಸಿಕೊಂಡಿರಬೇಕು.

ನಿನ್ನ ಮಗಳು,
ಯೋರುನ್

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಸ್ವಲ್ಪ ಹೊತ್ತಾದರೂ ನೀನು ಹೆದರಬೇಕೆಂದು ನನಗೆ ಆಸೆಯಿತ್ತು. ಕಾಗದ ನನ್ನ ಚೀಲದಲ್ಲಿಲ್ಲ. ಮಂಗಳವಾರ ಗಾಜಿನ ಕೋಣೆಯಿಂದ ಎದ್ದವಳೇ ಕೋಟು ಕೂಡ ಹಾಕಿಕೊಳ್ಳದೆ ಹೋಗಿ ನೇರವಾಗಿ ನ್ಯಾಯಾಲಯಕ್ಕೆ ಅಂಚೆ ಹಾಕಿ ಬಂದೆ, ಅತ್ತೆಯನ್ನು ಕೇಳುವ ಮೊದಲೇ, ನೀನು ಒಳ್ಳೆಯವಳೋ ಅಲ್ಲವೋ ಗೊತ್ತಾಗುವ ಮೊದಲೇ. ಮನೆ ನಿನ್ನದು. ಈಗ ನಿನಗೆ ನನ್ನ ಸಹಿ ಬೇಕಾಗಿಲ್ಲ, ನನ್ನಿಂದ ಏನೂ ಬೇಕಾಗಿಲ್ಲ. ಹಾಗಾಗಿ ಈಗ ಬರೆ. ಲಕೋಟೆಯ ಮೇಲೆ ಇದ್ದಿಲು ಎಂದೇ ಬರೆದರೂ ಅಡ್ಡಿಯಿಲ್ಲ. ಒಳಗಿನದನ್ನು ಮಾತ್ರ ಮಡಚಬೇಡ.